ಪಾತ್ರಗಳ ಪಟ್ಟಿಯಲ್ಲಿ ಒಬ್ಬ ಗೌಂಡಿ

ಸಾಕ್ಷ್ಯಚಿತ್ರ ಮಾಡುತ್ತೇನೆ ಎಂದರೆ ಆಗ ಹೈದರಾಬಾದಿನಲ್ಲಿ ಜನ ಮೊದಲು ಹೀರೋ ಯಾರು ಎಂದು ಕೇಳುತ್ತಿದ್ದರು. ಹೀರೋ ಇಲ್ಲ ಎಂದರೆ, ಹಾಗಾದರೆ ಹೊಟ್ಟೆಪಾಡಿಗೆ ಏನು ಮಾಡುತ್ತೀರಿ ಎಂದು ಕೇಳುತ್ತಿದ್ದರು. ಈ ಎರಡನೇ ಪ್ರಶ್ನೆಗೆ ನನ್ನ ಬಳಿ ಉತ್ತರವಿತ್ತು. ಮಾದಾಪುರದ ಕಂಪನಿಗಳಿಗೆ ವಿಡಿಯೋ ಮಾಡಿಕೊಡುತ್ತಿದ್ದೆ. ಕಾರಂಜಿ, ಹುಲ್ಲುಹಾಸು, ಕೊರಳಲ್ಲಿ ಗುರುತಿನ ಚೀಟಿ ನೇತುಹಾಕಿಕೊಂಡು ಸುಮ್ಮಸುಮ್ಮನೆ ನಗುತ್ತ ನಡೆದು ಬರುವ ನಾಲ್ಕು ಜನ. ಅಮೆರಿಕದ ಗಿರಾಕಿಗಳು ಅದನ್ನು ನೋಡಿ ಮರುಳಾಗಿ ಕೆಲಸ ಕೊಡುತ್ತಾರೆ ಎಂಬ ನಂಬಿಕೆಯ ಮೇಲೆ ನನ್ನ ಬಾಡಿಗೆ ನಡೆಯುತ್ತಿತ್ತು.

ಆ ವಿಡಿಯೋಗಳಿಗೆ ಒಂದೇ ಒಂದು ಶರತ್ತು. ಚೌಕಟ್ಟಿನೊಳಗೆ ಕೂಲಿಯವರು ಕಾಣಬಾರದು. ಅದೇ ಕಷ್ಟವಾಗಿತ್ತು. ಆ ವರ್ಷಗಳಲ್ಲಿ ಮಾದಾಪುರ, ಗಚ್ಚಿಬೌಲಿಗಳಲ್ಲಿ ಮುಗಿದ ಕಟ್ಟಡದ ಪಕ್ಕದಲ್ಲಿ ಮುಗಿಯದ ಕಟ್ಟಡ ಒಂದಾದರೂ ಇರಲೇಬೇಕು. ಕ್ಯಾಮೆರಾ ಎಲ್ಲಿಟ್ಟರೂ ಮೂಲೆಯಲ್ಲಿ ಒಬ್ಬ ಹೆಂಗಸು ತಲೆಯ ಮೇಲೆ ಬುಟ್ಟಿ ಹೊತ್ತು ಹಾದು ಹೋಗುತ್ತಿದ್ದಳು. ನಾನು ಕ್ಯಾಮೆರಾ ಸರಿಸುತ್ತಿದ್ದೆ, ಇನ್ನೊಬ್ಬಳು ಬರುತ್ತಿದ್ದಳು. ಹೀಗೆ ಎರಡು ವರ್ಷ ಅವರನ್ನು ತಪ್ಪಿಸುತ್ತ ಬಂದಮೇಲೆ, ಇವರನ್ನೇ ಇಟ್ಟು ಒಂದು ಚಿತ್ರ ಮಾಡಿದರೆ ಹೇಗೆ ಅನ್ನಿಸಿತು. ಪಶ್ಚಾತ್ತಾಪ ಅಂತ ಹೇಳಿದರೆ ದೊಡ್ಡ ಮಾತಾಗುತ್ತದೆ. ಅರ್ಧ ಪಶ್ಚಾತ್ತಾಪ, ಅರ್ಧ ಹುಲ್ಲುಹಾಸು ನೋಡಿ ನೋಡಿ ಬಂದ ಬೇಸರ.

ದುಡ್ಡಿಗಾಗಿ ಮೊದಲು ನನಗೆ ಗೊತ್ತಿದ್ದ ಒಂದು ಕಂಪನಿಯ ಮ್ಯಾನೇಜರನ್ನೇ ಕೇಳಿದೆ. ಆತ ಬಹಳ ಸಹೃದಯಿ. ಕೂಡಲೇ ಒಪ್ಪಿದ. ಕೂಲಿಯವರೆಲ್ಲ ಕಂಪನಿಯ ಟೋಪಿ ಹಾಕಿಕೊಂಡಿದ್ದರೆ ಸಾಕು ಎಂದ. ಅವರು ನಿಮ್ಮ ಕಂಪನಿಯವರಲ್ಲವಲ್ಲ ಎಂದೆ. ಅದಕ್ಕೇ ಟೋಪಿ ಎಂದ. ಆಮೇಲೆ ತೆಲುಗು ಸಿನಿಮಾಕ್ಕೆ ಹಣ ಹಾಕುವ ಒಬ್ಬರ ಬಳಿ ಹೋದೆ. ಅವರು ಕತೆ ಕೇಳಿ ಕಣ್ಣು ಮುಚ್ಚಿದರು. ಯೋಚಿಸುತ್ತಿದ್ದಾರೆ ಎಂದುಕೊಂಡೆ, ನಿದ್ದೆ ಹೋಗಿದ್ದರು.

ಆಗ ಅಪ್ಪ ಒಂದು ಪತ್ರಿಕೆಯ ತುಣುಕನ್ನು ನೀಟಾಗಿ ಕತ್ತರಿಸಿ ನನ್ನ ತಟ್ಟೆಯ ಪಕ್ಕದಲ್ಲಿಟ್ಟರು. ಸರ್ಕಾರಿ ಟಿವಿಯವರು ಯಾವ ಭಾಷೆಯ ಸ್ವತಂತ್ರ ಸಾಕ್ಷ್ಯಚಿತ್ರಗಳಿಗಾದರೂ ಹಣ ಕೊಡುತ್ತಾರೆ, ಅರ್ಜಿ ಮೂರು ಪ್ರತಿಗಳಲ್ಲಿ ಇರಬೇಕು ಎಂದು ಅದರಲ್ಲಿತ್ತು. ಅಪ್ಪನಿಗೆ ಸಾಕ್ಷ್ಯಚಿತ್ರದ ಬಗ್ಗೆ ಏನೂ ಆಸಕ್ತಿಯಿರಲಿಲ್ಲ. ಮೂರು ಪ್ರತಿ ಎಂಬ ಮಾತು ಅವರನ್ನು ಸೆಳೆದಿತ್ತು. ಅವರು ತುಮಕೂರಿನ ಕಡೆಯಿಂದ ಬಂದು ಇಲ್ಲಿಯ ರಕ್ಷಣಾ ಕಾರ್ಖಾನೆಯೊಂದರಲ್ಲಿ ಮೂವತ್ತು ವರ್ಷ ತಪಾಸಣಾ ವಿಭಾಗದಲ್ಲಿದ್ದು ನಿವೃತ್ತರಾದವರು. ಯಾವುದೋ ತಿರುಪಿನ ಅಳತೆ ನೋಡುವುದು ಅವರ ಕೆಲಸವಾಗಿತ್ತು. ಯಾವ ತಿರುಪು ಎಂದು ಅಮ್ಮನಿಗೂ ಇವತ್ತಿನವರೆಗೆ ಹೇಳಿಲ್ಲ. ಆದರೆ ಯಾವ ಕಾಗದ ಯಾವ ಮೇಜಿನಿಂದ ಯಾವ ಮೇಜಿಗೆ ಹೋಗಬೇಕು ಎಂಬ ವಿದ್ಯೆಯನ್ನು ಅವರು ಯಾರಿಂದಲೂ ಮುಚ್ಚಿಡುತ್ತಿರಲಿಲ್ಲ, ಕೇಳದಿದ್ದರೂ ಹೇಳುತ್ತಿದ್ದರು.

ಅರ್ಜಿ ಇಪ್ಪತ್ತೆರಡು ಪುಟ. ಅದನ್ನು ತಯಾರಿಸಿದ ಪುಣ್ಯಾತ್ಮರು ನಾಟಕಕ್ಕೆಂದು ಇದ್ದ ಹಳೆಯ ಅರ್ಜಿಯ ತಲೆಬರಹ ಬದಲಿಸಿ ಸಾಕ್ಷ್ಯಚಿತ್ರಕ್ಕೆ ಒಗ್ಗಿಸಿದ್ದರು. ಪಾತ್ರಗಳ ಪಟ್ಟಿ ಬೇಕು. ದೃಶ್ಯವಾರು ಸಂಭಾಷಣೆ ಬೇಕು. ಎಡಗಡೆ ಕಾಣುವುದು, ಬಲಗಡೆ ಕೇಳುವುದು. ನಾನು ಕಚೇರಿಗೆ ಹೋಗಿ, ಇದು ನಿಜವಾದ ಜನರ ಚಿತ್ರ, ಅವರು ಏನು ಮಾತಾಡುತ್ತಾರೆಂದು ಈಗಲೇ ಹೇಗೆ ಬರೆಯಲಿ ಎಂದು ಕೇಳಿದೆ. ಅಲ್ಲಿಯ ಕಾರ್ಯಕ್ರಮ ಅಧಿಕಾರಿ ರಾಯಚೂರಿನವರು. ನಾನು ಕನ್ನಡದವಳೆಂದು ತಿಳಿದು ಅವರ ಮುಖ ಅರಳಿತು, ಆಮೇಲೆ ಗಾಬರಿಯಿಂದ ಮುದುಡಿತು.

"ನೀವು ನಮ್ಮ ಕಡಿಯವರು. ಅದಕ್ಕ ನಿಮಗ ಇನ್ನೂ ಬಿಗಿ ಮಾಡಬೇಕಾಗ್ತೈತಿ. ಇಲ್ಲಾಂದ್ರ ಮಂದಿ ಏನಂತಾರ?" ಎಂದರು. "ಮಾತು ಬರೀರಿ. ಮಾತು ಇಲ್ದ ಕಮಿಟಿ ಓದಂಗಿಲ್ಲ."

ಬರೆದೆ. ನಮ್ಮ ಮನೆಯ ಊಟದ ಮೇಜಿನ ಮೇಲೆ, ಫ್ಯಾನಿನ ಕೆಳಗೆ ಕೂತು, ಒಬ್ಬ ಕೂಲಿಯವಳನ್ನೂ ಮಾತಾಡಿಸದೆ, ಕೂಲಿಯವರ ಮಾತನ್ನೆಲ್ಲ ಬರೆದೆ. ಪಾತ್ರಗಳ ಪಟ್ಟಿಯನ್ನು ಅಪ್ಪ ಕಾರ್ಬನ್ ಕಾಗದ ಇಟ್ಟು ಒತ್ತಿ ಬರೆದರು. ಕೂಲಿ ಹೆಂಗಸು, ಒಬ್ಬರು. ಮೇಸ್ತ್ರಿ, ಒಬ್ಬರು. ಎಂಜಿನಿಯರ್, ಒಬ್ಬರು. ಕೊನೆಯ ದೃಶ್ಯದಲ್ಲಿ ಕೂಲಿ ಹೆಂಗಸು ಸಂಜೆಯ ಬೆಳಕಿನಲ್ಲಿ ಗಾಜಿನ ಕಟ್ಟಡದ ಕಡೆ ನೋಡುತ್ತ ಹೀಗೆ ಹೇಳಬೇಕಿತ್ತು: "ನಾನು ಹೊತ್ತ ಇಟ್ಟಿಗೆಗೆ ಈ ಗೋಡೆಯಲ್ಲಿ ಜಾಗ ಸಿಕ್ಕಿತು, ನನಗೆ ಸಿಗಲಿಲ್ಲ."

ಬರೆದು ನನಗೇ ಕಣ್ಣು ತೇವವಾಯಿತು. ಈಗ ಹೇಳಿಕೊಳ್ಳಲು ನಾಚಿಕೆಯಾಗುತ್ತದೆ, ಆದರೆ ಆಗ ನಿಜವಾಗಿ ತೇವವಾಗಿತ್ತು. ಕಮಿಟಿಯಲ್ಲಿ ಐದು ಜನರಿದ್ದರು. ಆ ಸಾಲು ಬಂದಾಗ ಅವರಲ್ಲಿ ಹಿರಿಯರೊಬ್ಬರು ಕನ್ನಡಕ ತೆಗೆದು ಒರೆಸಿದರು. ಮಂಜೂರಾಯಿತು. ಮೊದಲ ಕಂತು ಬಂತು. ಉಳಿದದ್ದು ಚಿತ್ರ ಮುಗಿದು ಕಮಿಟಿ ನೋಡಿ ಒಪ್ಪಿದ ಮೇಲೆ, ಪ್ರಸಾರವೂ ಆಮೇಲೆಯೇ.

ಗಚ್ಚಿಬೌಲಿಯ ಒಂದು ಕಟ್ಟಡದಲ್ಲಿ ಕಲಬುರಗಿ, ಯಾದಗಿರಿ ಕಡೆಯ ನಲವತ್ತು ಜನರ ಗುಂಪು ಕೆಲಸ ಮಾಡುತ್ತಿತ್ತು. ಅಲ್ಲಿಗೆ ಕ್ಯಾಮೆರಾ ಹೊತ್ತುಕೊಂಡು ಹೋದೆ. ನನ್ನ ಪಟ್ಟಿಯ ಪ್ರಕಾರ ಒಬ್ಬ ಕೂಲಿ ಹೆಂಗಸು ಬೇಕಾಗಿತ್ತು. ನಾಲ್ಕನೇ ಮಹಡಿಯ ಅಟ್ಟಣಿಗೆಯ ಮೇಲೆ ಒಬ್ಬಾಕೆ ನಿಂತಿದ್ದಳು. ನಲವತ್ತರ ಆಸುಪಾಸು, ಸೀರೆಯ ಮೇಲೆ ಗಂಡಸರ ಅಂಗಿ, ತಲೆಗೆ ಬಿಗಿದ ಟವೆಲು. ಬುಟ್ಟಿ ಅವಳ ತಲೆಯ ಮೇಲಿರಲಿಲ್ಲ, ಕಾಲ ಬಳಿ ಇತ್ತು. ಕೈಯಲ್ಲಿ ಕರಣೆ. ಗಾರೆಯನ್ನು ಗೋಡೆಗೆ ಹೊಡೆದು, ಮರದ ಪಟ್ಟಿಯಿಂದ ಎಳೆದು, ಒಂದು ಹೆಜ್ಜೆ ಹಿಂದೆ ಸರಿದು ಒಂದು ಕಣ್ಣು ಮುಚ್ಚಿ ನೋಡಿದಳು. ನಾನು ಕೆಳಗಿನಿಂದ, "ಅಕ್ಕಾ, ನೀವು ಸ್ವಲ್ಪ ಬುಟ್ಟಿ ತಲೆ ಮೇಲೆ ಇಟ್ಟುಕೊಳ್ತೀರಾ?" ಎಂದು ಕೂಗಿದೆ.

"ಯಾಕ್ರಿ?"

"ಚಿತ್ರ ತೆಗೀತಿದೀನಿ."

"ಗಿಲಾವ್ ಮಾಡಾಕತ್ತೀನ್ರಿ ಅಕ್ಕೋರ. ಒಣಗ್ತೈತಿ. ಬುಟ್ಟಿ ಹೊರಾವ್ರು ಅಲ್ಲಿ ಕೆಳಗ ಅದಾರ, ಅವರನ್ನ ಕೇಳ್ರಿ."

ನನ್ನ ಚಿತ್ರ ಸುರುವಾದದ್ದು ಹೀಗೆ. ಆಕೆ ಗೌಂಡಿ, ಗಾರೆ ಕೆಲಸದವಳು. ಗಂಡನೂ ಗೌಂಡಿಯಾಗಿದ್ದ. ಆರು ವರ್ಷದ ಹಿಂದೆ ಆತ ಬಿದ್ದು ಬಲಗೈ ಮಣಿಕಟ್ಟು ಮುರಿದು, ಅದು ಸೊಟ್ಟಗೆ ಕೂಡಿಕೊಂಡಿತು. ಕರಣೆ ಹಿಡಿಯಲು ಬರುವುದಿಲ್ಲ. ಆತ ಕೆಳಗೆ ಕೂತು ಬಾಯಲ್ಲಿ ಹೇಳಿಕೊಟ್ಟ, ಆಕೆ ಮೇಲೆ ನಿಂತು ಕೈಯಲ್ಲಿ ಕಲಿತಳು. ಆದರೆ ಹಾಜರಿ ಪುಸ್ತಕದಲ್ಲಿ ಇವತ್ತಿಗೂ ಗೌಂಡಿ ಎಂದರೆ ಗಂಡ, ಹೆಂಡತಿ ಬುಟ್ಟಿ ಹೊರುವ ಆಳು. ದಿನವೆಲ್ಲ ಆಕೆ ಗೋಡೆ ಮಾಡುತ್ತಿದ್ದಳು, ಆತ ಸಿಮೆಂಟಿನ ಚೀಲಗಳನ್ನು ಕಾಯುತ್ತ ಬೀಡಿ ಸೇದುತ್ತಿದ್ದ. ಗುಂಪಿನ ಎಲ್ಲರಿಗೂ ಗೊತ್ತು, ಯಾರೂ ಬಾಯಿ ಬಿಡುತ್ತಿರಲಿಲ್ಲ. ಗಂಡನ ಮರ್ಯಾದೆಯ ಪ್ರಶ್ನೆ ಎಂದು ಅವರ ಲೆಕ್ಕಾಚಾರ. ಗಂಡ ಮಾತ್ರ ಯಾರು ಸಿಕ್ಕರೂ, "ನಾ ಸುಮ್ನ ಹೆಸರಿಗರಿ. ಕೈ ಎಲ್ಲಾ ಅಕೀದು," ಎನ್ನುತ್ತಿದ್ದ. ಆತನ ಮಾತನ್ನು ಯಾರೂ ಕಿವಿಗೆ ಹಾಕಿಕೊಳ್ಳುತ್ತಿರಲಿಲ್ಲ.

ಇಷ್ಟು ದಿನ ನಡೆದದ್ದು ಇನ್ನು ನಡೆಯುವಂತಿರಲಿಲ್ಲ. ಗಚ್ಚಿಬೌಲಿಯ ಕಟ್ಟಡ ಮುಗಿಯುತ್ತ ಬಂದಿತ್ತು. ಶಂಶಾಬಾದಿನಲ್ಲಿ ಹೊಸ ವಿಮಾನ ನಿಲ್ದಾಣದ ಸುತ್ತ ಕೆಲಸ ಜೋರಾಗಿತ್ತು, ಇಡೀ ಗುಂಪು ಅಲ್ಲಿಗೆ ಹೊರಟಿತ್ತು. ಅಲ್ಲಿಯ ಮೇಸ್ತ್ರಿ ಬೇರೆ. ಆತ ಒಬ್ಬೊಬ್ಬರ ಕಸುಬನ್ನು ನೋಡಿ ಬರೆದುಕೊಳ್ಳುತ್ತಾನೆ. ಸೊಟ್ಟ ಕೈಯವನನ್ನು ಗೌಂಡಿ ಎಂದು ಬರೆಯುವುದಿಲ್ಲ. ಹೆಂಗಸನ್ನು ಮೊದಲೇ ಇಲ್ಲ. ಹೆಂಗಸಿನ ಕೈಗೆ ಕರಣೆ ಕೊಟ್ಟರೆ ಗಂಡಸರು ಕೆಲಸ ಬಿಟ್ಟು ಹೋಗುತ್ತಾರೆ ಎಂದು ಆತ ಹೇಳಿ ಕಳಿಸಿದ್ದ. ಅಂದರೆ ಆಕೆ ಮತ್ತೆ ಬುಟ್ಟಿಗೆ.

"ಬುಟ್ಟಿ ಹೊರಾಕ ನಾಚಿಕಿ ಇಲ್ರಿ," ಎಂದಳು ಒಂದು ಮಧ್ಯಾಹ್ನ, ಬುತ್ತಿ ಬಿಚ್ಚುತ್ತ. "ಆದ್ರ ಕೈಗೆ ಬಂದ ಕೆಲಸ ಬಿಟ್ಟು ಬ್ಯಾರೇದವ್ರು ಸೊಟ್ಟ ಗೋಡಿ ಮಾಡೋದು ನೋಡ್ಕೋತ ಕೆಳಗ ನಿಂದ್ರಬೇಕಲ್ಲ, ಅದು ಭಾಳ ಕಷ್ಟ. ನೀವು ಟಿವ್ಯಾಗ ನನ್ನ ಮಾರಿ ಕೆಳಗ ಗೌಂಡಿ ಅಂತ ಬರಸ್ರಿ. ಸರ್ಕಾರದ ಟಿವ್ಯಾಗ ಬಂದದ್ದನ್ನ ಇಲ್ಲ ಅನ್ನಾಕ ಆಗಂಗಿಲ್ಲ."

"ಅದೇನು ಮಹಾ, ಬರೆಸ್ತೀನಿ," ಎಂದೆ. ಅಷ್ಟು ಹಗುರಾಗಿ ನಾನು ಬೇರೆ ಯಾವ ಮಾತನ್ನೂ ಕೊಟ್ಟಿಲ್ಲ.

ಚಿತ್ರ ಮುಗಿಯಿತು. ಇಪ್ಪತ್ತಾರು ನಿಮಿಷ. ಅದರಲ್ಲಿ ಆಕೆ ಗಿಲಾವು ಮಾಡುತ್ತಾಳೆ, ಎಂಜಿನಿಯರನ್ನು ಬೈಯುತ್ತಾಳೆ, ಗಂಡನಿಗೆ ಬೀಡಿ ಬಿಡಿಸಲು ನೋಡುತ್ತಾಳೆ. ಕಚೇರಿಯ ಪುಟ್ಟ ಕೋಣೆಯಲ್ಲಿ ಕಮಿಟಿ ಚಿತ್ರ ನೋಡಿತು. ಐವರ ತೊಡೆಯ ಮೇಲೂ ನನ್ನ ಮಂಜೂರಾದ ಬರಹ, ಐವರ ಕೈಯಲ್ಲೂ ಪೆನ್ಸಿಲು. ತೆರೆಯ ಮೇಲೆ ಒಂದೊಂದು ದೃಶ್ಯ ಬಂದಾಗಲೂ ಬರಹದಲ್ಲಿ ಅದನ್ನು ಹುಡುಕಿ ಗುರುತು ಹಾಕುತ್ತಿದ್ದರು. ಗುರುತು ಹಾಕುವ ಭರದಲ್ಲಿ ತೆರೆಯನ್ನು ಯಾರೂ ಹೆಚ್ಚು ನೋಡಲಿಲ್ಲ. ಮುಗಿದ ಮೇಲೆ ಕನ್ನಡಕ ಒರೆಸಿದ್ದ ಹಿರಿಯರು ನೊಂದ ದನಿಯಲ್ಲಿ, ಆ ಸಾಲು ಎಲ್ಲಿ ಹೋಯಿತು ಎಂದು ಕೇಳಿದರು.

"ಆಕೆ ಹಾಗೆ ಹೇಳಲಿಲ್ಲ ಸಾರ್," ಎಂದೆ.

"ಹೇಳಲಿಲ್ಲ ಅಂದ್ರ? ಇಲ್ಲಿ ಬರದದಲ್ರಿ," ಎಂದರು ರಾಯಚೂರಿನ ಅಧಿಕಾರಿ. ಅದನ್ನು ಬರೆದವಳು ನಾನು ಎಂಬುದನ್ನು ಅವರೂ ಮರೆತಿದ್ದರು, ಆ ಹೊತ್ತಿಗೆ ನಾನೂ ಮರೆಯಲು ಹವಣಿಸುತ್ತಿದ್ದೆ.

ಎರಡು ಆಕ್ಷೇಪಣೆ ಬರೆದರು. ಒಂದು, ಮಂಜೂರಾದ ಮುಖ್ಯ ಸಂಭಾಷಣೆ ಬಿಟ್ಟುಹೋಗಿದೆ. ಎರಡು, ಪಾತ್ರಗಳ ಪಟ್ಟಿಯಲ್ಲಿ ಕೂಲಿ ಹೆಂಗಸು ಎಂದಿರುವಲ್ಲಿ ತೆರೆಯ ಮೇಲೆ ಗೌಂಡಿ ಎಂದು ಬಂದಿದೆ, ಗೌಂಡಿ ಮಂಜೂರಾಗಿಲ್ಲ. ಇವೆರಡನ್ನು ಸರಿಪಡಿಸುವವರೆಗೆ ಹಣವೂ ಇಲ್ಲ, ಪ್ರಸಾರವೂ ಇಲ್ಲ.

ಸಾಲನ್ನು ಹಿಡಿದುಕೊಂಡು ಗಚ್ಚಿಬೌಲಿಗೆ ಹೋದೆ. ಆಕೆಗೆ ಓದಿ ಹೇಳಿದೆ. ಆಕೆ ಗಮನವಿಟ್ಟು ಕೇಳಿದಳು.

"ಇದು ಯಾರ ಮಾತ್ರಿ?"

"ನಿಮ್ದೇ."

"ನಾ ಯಾವಾಗ ಅಂದೆ?" ಎಂದು ಗಂಡನ ಕಡೆ ನೋಡಿದಳು. ಆತ ಇಲ್ಲವೆಂದು ತಲೆಯಾಡಿಸಿದ. "ಇಲ್ಲಿ ಇಟ್ಟಂಗಿ ಎಲ್ಲಿ ಅದಾವ್ರಿ? ಎಲ್ಲಾ ಸಿಮೆಂಟ್ ಬ್ಲಾಕ್. ಮತ್ತ ಗೋಡಿಯೊಳಗ ನನಗ್ಯಾಕ್ರಿ ಜಾಗ? ಜೀವಂತ ಹುಗೀತಾರೇನು?"

ಆದರೂ ನನ್ನ ಮುಖ ನೋಡಿ ಪಾಪ ಅನ್ನಿಸಿರಬೇಕು, ಹೇಳಲು ಒಪ್ಪಿದಳು. ಏಳು ಸಲ ತೆಗೆದೆ. ಮೊದಲ ಸಲ ಶಾಲೆಯ ಹುಡುಗಿ ಪಾಠ ಒಪ್ಪಿಸಿದಂತೆ ಒಂದೇ ಉಸಿರಿಗೆ ಹೇಳಿದಳು. ಎರಡನೇ ಸಲ "ಜಾಗ ಸಿಗಲಿಲ್ಲ" ಎಂಬಲ್ಲಿಗೆ ಬಂದು ನಕ್ಕಳು. ಆಕೆ ನಕ್ಕಿದ್ದು ನೋಡಿ ಗಂಡ ನಕ್ಕ, ಕೆಳಗಿದ್ದವರೆಲ್ಲ ನಕ್ಕರು. ಏಳನೇ ಸಲ ನಾನೇ ಸಂಜೆಯ ಬೆಳಕು, ಕಣ್ಣೀರು ಅಂತೆಲ್ಲ ವಿವರಿಸತೊಡಗಿದಾಗ ಆಕೆ ಮೆತ್ತಗೆ, "ಅಕ್ಕೋರ, ನಿಮಗ ಅಷ್ಟು ದುಃಖ ಐತಂದ್ರ ನೀವ ಅನ್ರಲ್ಲ," ಎಂದಳು.

ಸರಿಯಾಗಿ ಮುಖಕ್ಕೆ ಹೊಡೆದಂತಾಯಿತು. ಮನೆಗೆ ಬಂದು ಬರಹ ತೆಗೆದು ನೋಡಿದೆ. ಎಡಗಡೆ ಕೂಲಿ ಹೆಂಗಸು ಕಟ್ಟಡ ನೋಡುತ್ತಾಳೆ ಎಂದಷ್ಟೇ ಇತ್ತು. ಬಲಗಡೆಯ ಅಂಕಣದಲ್ಲಿ ಮಾತು ಇತ್ತು, ಯಾರು ಆಡುತ್ತಾರೆಂದು ನಾನು ಬರೆದಿರಲಿಲ್ಲ. ಅಧಿಕಾರಿಗೆ ತೋರಿಸಿದೆ. ಅವರು ಮೂರೂ ಪ್ರತಿಗಳನ್ನು ನೋಡಿ, ಯಾರಾದರೂ ಹೇಳಿದರಾಯಿತು ಎಂದು ಒಪ್ಪಿದರು. ಹೀಗೆ ನನ್ನ ಚಿತ್ರದ ಕೊನೆಯಲ್ಲಿ, ಆಕೆ ಕೈ ತೊಳೆದುಕೊಂಡು ಚಹಾ ಕುಡಿಯುತ್ತಿರುವಾಗ, ನೆಗಡಿ ಹಿಡಿದ ನನ್ನದೇ ದನಿ ಹಿನ್ನೆಲೆಯಲ್ಲಿ, ನಾನು ಹೊತ್ತ ಇಟ್ಟಿಗೆಗೆ ಜಾಗ ಸಿಕ್ಕಿತು, ನನಗೆ ಸಿಗಲಿಲ್ಲ ಎಂದು ಗೋಳಾಡುತ್ತದೆ. ಜೀವನದಲ್ಲಿ ನಾನು ಒಂದು ಇಟ್ಟಿಗೆಯನ್ನೂ ಹೊತ್ತವಳಲ್ಲ. ನನಗೆ ತಕ್ಕ ಶಿಕ್ಷೆ.

ಎರಡನೇ ಆಕ್ಷೇಪಣೆ ಹಾಗೆ ಬಗೆಹರಿಯಲಿಲ್ಲ. ಪಟ್ಟಿ ತಿದ್ದಬೇಕಾದರೆ ಆಕೆ ಗೌಂಡಿ ಎಂಬುದಕ್ಕೆ ಕಾಗದ ಬೇಕು ಎಂದರು ಅಧಿಕಾರಿ.

"ಇಪ್ಪತ್ತಾರು ನಿಮಿಷ ಗೋಡೆ ಕಟ್ಟೋದನ್ನೇ ತೋರಿಸಿದ್ದೀನಲ್ಲ ಸಾರ್."

"ಟೇಪ್ ಸಾಕ್ಷಿ ಆಗಂಗಿಲ್ರಿ. ಕಾಗದ ತರ್ರಿ."

ಸಾಕ್ಷ್ಯಚಿತ್ರಗಳ ಕಚೇರಿಯಲ್ಲಿ ಕೂತು ಈ ಮಾತು ಕೇಳಿದ ಮೇಲೆ ನನಗೆ ನಗುವುದಕ್ಕೂ ಶಕ್ತಿ ಉಳಿಯಲಿಲ್ಲ. ಯಾವ ಗೌಂಡಿಗೆ ಯಾರು ಸರ್ಟಿಫಿಕೇಟ್ ಕೊಡುತ್ತಾರೆ? ಹಾಜರಿ ಪುಸ್ತಕ ತೋರಿಸೋಣವೆಂದರೆ ಅದರಲ್ಲಿ ಇರುವುದು ಗಂಡನ ಹೆಸರು. ಕಡೆಗೆ ಆಕೆಯನ್ನೇ ಕಚೇರಿಗೆ ಕರೆದುಕೊಂಡು ಹೋದೆ. ಆಕೆ ಅಂದು ಕೆಲಸ ಬಿಟ್ಟು, ಒಗೆದ ಸೀರೆ ಉಟ್ಟು, ಎರಡು ಬಸ್ಸು ಬದಲಿಸಿ ಬಂದಳು. ಕಣ್ಣಾರೆ ನೋಡಿಯಾದರೂ ನಂಬುತ್ತಾರೇನೋ ಎಂದು ನನ್ನ ಆಸೆ. ಅಧಿಕಾರಿ ಬಹಳ ಗೌರವದಿಂದ ಕುರ್ಚಿ ಕೊಟ್ಟು, ಊರು ಯಾವುದು, ಬೆಳೆ ಹೇಗಿದೆ ಎಂದೆಲ್ಲ ವಿಚಾರಿಸಿ, ಕಾಗದ ಮಾತ್ರ ಬೇಕೇ ಬೇಕು ಎಂದರು.

ಆಕೆ ಅವರ ಮಾತು ಕೇಳುತ್ತಿರಲಿಲ್ಲ. ಅವರ ಬೆನ್ನ ಹಿಂದಿನ ಗೋಡೆಯನ್ನು ನೋಡುತ್ತಿದ್ದಳು. ಅಲ್ಲಿ ಸುಣ್ಣದ ಬಣ್ಣ ಹಪ್ಪಳದಂತೆ ಉಬ್ಬಿತ್ತು. ಆಕೆ ಎದ್ದು ಹೋಗಿ ಬೆರಳ ಗೆಣ್ಣಿನಿಂದ ಬಡಿದಳು. ಸ್ವಲ್ಪ ಮೇಲೆ ಬಡಿದಳು, ಪಕ್ಕಕ್ಕೆ ಬಡಿದಳು. "ಪೂರಾ ಟೊಳ್ಳು ಐತ್ರಿ. ಈ ಮಳಿಗಾಲಕ್ಕ ನಿಮ್ಮ ತಲಿ ಮ್ಯಾಲೆ ಬೀಳ್ತೈತಿ."

ಅಧಿಕಾರಿಯ ಮುಖ ಸಣ್ಣದಾಯಿತು. ಎರಡು ವರ್ಷದಿಂದ ಆ ಗೋಡೆಯ ಬಗ್ಗೆ ಎಂಜಿನಿಯರಿಂಗ್ ವಿಭಾಗಕ್ಕೆ ಬರೆದು ಬರೆದು ಸೋತಿದ್ದರು. ಪ್ರತಿ ಪತ್ರಕ್ಕೂ ಕುರ್ಚಿಯನ್ನು ಒಂದು ಗೇಣು ಮುಂದೆ ಎಳೆದುಕೊಂಡಿದ್ದರು. ಈಗ ಮೇಜು ಬಾಗಿಲಿಗೆ ತಾಗಿ, ಒಳಗೆ ಬರುವವರು ಅಡ್ಡಡ್ಡ ಬರಬೇಕಾಗಿತ್ತು. "ನಾಳೆ ಕೆಲಸಕ್ಕ ಸೂಟಿ ಹಾಕಿ ಬಂದು ಮಾಡಿಕೊಡ್ತೀನಿ ಬಿಡ್ರಿ. ನೋಡಿ ಸುಮ್ನ ಹೋಗಾಕ ಆಗವಲ್ದು," ಎಂದಳು ಆಕೆ. ಸರ್ಕಾರದ ಗೋಡೆಯನ್ನು ಹೊರಗಿನವರು ಮುಟ್ಟುವ ಹಾಗಿಲ್ಲ ಎಂದರು ಅವರು. ಆದರೆ ಹೇಳುವಾಗ ಗೋಡೆಯ ಕಡೆ ಆಸೆಯಿಂದ ನೋಡಿದರು.

ಮನೆಗೆ ಬಂದು ಇದನ್ನೆಲ್ಲ ಹೇಳಿಕೊಂಡು ರೇಗಾಡಿದೆ. ಅಪ್ಪ ಪೇಪರು ಮಡಿಸಿಟ್ಟು ಒಂದೇ ಒಂದು ಪ್ರಶ್ನೆ ಕೇಳಿದರು.

"ಅಲ್ಲಮ್ಮಾ, ಆಕೆ ಕರಣೆ ಒಳಗೆ ತಗೊಂಡು ಹೋಗೋದು ಹೇಗೆ?"

"ಚೀಲದಲ್ಲಿ."

"ಚೀಲದಲ್ಲಿ ಹೋಗಕ್ಕಾಗಲ್ಲ. ಸರ್ಕಾರಿ ಕಟ್ಟಡ. ಹತ್ಯಾರು ಒಳಗೆ ಹೋಗಬೇಕಾದರೆ ಗೇಟ್ ಪಾಸ್ ಬೇಕು. ಗೇಟ್ ಪಾಸಲ್ಲಿ ಯಾರು ತರ್ತಿದಾರೆ, ಅವರ ಕಸುಬು ಏನು ಅಂತ ಬರೀಬೇಕು. ಕಸುಬಿಲ್ಲದೆ ಹತ್ಯಾರು ಇಲ್ಲ. ಕೆಳಗೆ ಅಧಿಕಾರಿ ಸಹಿ, ದುಂಡು ಮೊಹರು." ಅಪ್ಪ ಇಷ್ಟು ಹೇಳಿ ನನ್ನ ಮುಖ ನೋಡಿದರು. ಮೂವತ್ತು ವರ್ಷ ಗೇಟ್ ಪಾಸ್ ಇಲ್ಲದೆ ಒಂದು ಸ್ಪ್ಯಾನರ್ ಹೊರಗೆ ಹೋದದ್ದನ್ನೂ ಒಳಗೆ ಬಂದದ್ದನ್ನೂ ಕಾಣದ ಮನುಷ್ಯ. "ಆ ಅಧಿಕಾರಿಗೆ ಸುಮ್ಮನೆ ಹೋಗಿ, ಸಾರ್, ಗೇಟ್ ಪಾಸ್ ಮಾಡಿಸಿಕೊಡಿ ಅನ್ನು. ಬೇರೇನೂ ಹೇಳಬೇಡ."

ನನ್ನ ಇಡೀ ಕೆಲಸವನ್ನು ದಂಡ ಎಂದುಕೊಂಡಿದ್ದಾರೆ ಎಂದು ನಾನು ತಿಳಿದಿದ್ದ ಮನುಷ್ಯ ಇವರು. ಆ ಕ್ಷಣ ಅವರ ಕಾಲಿಗೆ ಬೀಳೋಣ ಅನ್ನಿಸಿತು. ಬೀಳಲಿಲ್ಲ. ಬಿದ್ದಿದ್ದರೆ ಅದಕ್ಕೂ ಮೂರು ಪ್ರತಿ ಕೇಳುತ್ತಿದ್ದರು.

ಅಧಿಕಾರಿ ಗೋಡೆಯ ಆಸೆಗೆ ಗೇಟ್ ಪಾಸ್ ಬರೆದರು. ಹೆಸರು, ಊರು. ಉದ್ದೇಶ, ಗೋಡೆಯ ಸಣ್ಣ ದುರಸ್ತಿ. ಹತ್ಯಾರು, ಕರಣೆ ಒಂದು, ಮರದ ಪಟ್ಟಿ ಒಂದು, ಬಾಂಡ್ಲಿ ಒಂದು. ಕಸುಬು ಎಂಬಲ್ಲಿ ಪೆನ್ನು ಒಂದು ಗಳಿಗೆ ನಿಂತಿತು. ಕೂಲಿ ಎಂದು ಬರೆದರೆ ಕರಣೆ ಗೇಟಿನಲ್ಲೇ ಉಳಿಯುತ್ತದೆ, ಕಾವಲಿನವನು ಬಿಡುವುದಿಲ್ಲ. ಅವರು ನನ್ನನ್ನು ನೋಡಿದರು. ನಾನು ಮೇಲೆ ಫ್ಯಾನು ನೋಡುತ್ತಿದ್ದೆ. ಗೌಂಡಿ ಎಂದು ಬರೆದು, ಸಹಿ ಹಾಕಿ, ಮೊಹರು ಒತ್ತಿದರು.

ಆಕೆ ಬೆಳಿಗ್ಗೆ ಒಂಬತ್ತಕ್ಕೆ ಬಂದು ಟೊಳ್ಳು ಗಿಲಾವನ್ನೆಲ್ಲ ಕೆಡವಿ, ನೀರು ಹೊಡೆದು, ಊಟದ ಹೊತ್ತಿಗೆ ಹೊಸದಾಗಿ ಮೆತ್ತಿ, ಎಳೆದು, ಸವರಿ ಮುಗಿಸಿದಳು. ಕಮಿಟಿಯ ಐವರಲ್ಲಿ ಇಬ್ಬರು ಬಾಗಿಲಲ್ಲಿ ನಿಂತು ನೋಡಿದರು. ಪೆನ್ಸಿಲು ಇಲ್ಲದೆ ಅವರು ಆಕೆಯ ಕೆಲಸ ನೋಡಿದ್ದು ಅದೇ ಮೊದಲು. ಸಂಜೆ ಅದೇ ಗೇಟ್ ಪಾಸನ್ನು ನನ್ನ ಅರ್ಜಿಗೆ ಲಗತ್ತಿಸಿ ಅವರ ಮುಂದಿಟ್ಟೆ. ಅಧಿಕಾರಿ ಓದಿದರು, ತಮ್ಮ ಸಹಿ ನೋಡಿಕೊಂಡರು, ನೆಟ್ಟಗಾದ ಗೋಡೆಯನ್ನೂ ನೋಡಿದರು.

"ನಾನ ಬರದ ಕಾಗದ ನಾನ ಹೆಂಗ ಇಲ್ಲ ಅನ್ನಲಿ?" ಎಂದು ಪಟ್ಟಿ ತಿದ್ದಿದರು.

ಪ್ರಸಾರದ ದಿನ ಮೂರು ಸಲ ಮುಂದಕ್ಕೆ ಹೋಯಿತು. ಮೊದಲು ಕ್ರಿಕೆಟ್ಟು, ಆಮೇಲೆ ಯಾರದೋ ಉದ್ಘಾಟನೆ, ಮತ್ತೆ ಕ್ರಿಕೆಟ್ಟು. ಗುಂಪು ಶಂಶಾಬಾದಿಗೆ ಗಂಟುಮೂಟೆ ಕಟ್ಟುವ ಮುಂಚಿನ ಕೊನೆಯ ಭಾನುವಾರ ಮಧ್ಯಾಹ್ನ ಎರಡೂವರೆಗೆ ನಿಕ್ಕಿಯಾಯಿತು. ಅಲ್ಲಿಯ ಮೇಸ್ತ್ರಿ ಹೆಸರುಗಳನ್ನು ಬರೆದುಕೊಳ್ಳಲು ಅಂದೇ ಬರುವವನಿದ್ದ. ಕಟ್ಟಡದ ಎದುರಿಗೆ ಒಬ್ಬ ತೆಲುಗರ ಚಹಾದಂಗಡಿಯಿತ್ತು, ಅಲ್ಲೊಂದು ಟಿವಿ. ನಲವತ್ತು ಜನ ಬೆಂಚಿನ ಮೇಲೆ, ನೆಲದ ಮೇಲೆ, ರಸ್ತೆಯ ಮೇಲೆ ಕೂತರು. ಮೇಸ್ತ್ರಿಗೆ ಕುರ್ಚಿ. ಆಕೆ ಹಿಂದೆ ಕಂಬಕ್ಕೆ ಒರಗಿ ನಿಂತಳು. ನನಗೆ ಕೂರಲೂ ಆಗಲಿಲ್ಲ, ನಿಲ್ಲಲೂ ಆಗಲಿಲ್ಲ. ಆ ಒಂದು ಪದ ಹೋದರೆ ಆಕೆಯ ಕೈಯಿಂದ ಕರಣೆ ಹೋಗುತ್ತದೆ, ಅದೂ ನಾನು ಊಟದ ಮೇಜಿನ ಮೇಲೆ ಬರೆದ ಪಟ್ಟಿಯಿಂದ.

ಆಕೆಯ ಮುಖ ಬಂತು. ಕೆಳಗೆ ಕನ್ನಡದಲ್ಲಿ ಹೆಸರು, ಅದರ ಕೆಳಗೆ ಕಸುಬು. ಆ ಅಕ್ಷರಗಳು ತೆರೆಯ ಮೇಲೆ ಇರುವುದು ನಾಲ್ಕು ಸೆಕೆಂಡು. ಹಾಗೆ ಇಟ್ಟವಳು ನಾನೇ, ನೋಡಲು ಚೆಂದವೆಂದು. ಸರಿಯಾಗಿ ಆ ಹೊತ್ತಿಗೆ ಮೇಸ್ತ್ರಿ ಚಹಾದ ಲೋಟ ಕೊಡಲು ಹಿಂದಕ್ಕೆ ತಿರುಗಿದ.

ಓದು ಬರದವರೇ ಹೆಚ್ಚು. ಆದರೆ ತೆಲುಗು ಅಕ್ಷರ ಬಲ್ಲವನಿಗೆ ಕನ್ನಡದ ಅಕ್ಷರ ಅಷ್ಟೇನೂ ಕಷ್ಟವಲ್ಲ. ಚಹಾದಂಗಡಿಯವನು ಲೋಟ ಇಸಿದುಕೊಳ್ಳುತ್ತ, ತೆರೆಯ ಕಡೆ ನೋಡಿ, ಬಸ್ಸಿನ ಬೋರ್ಡು ಓದುವವನಂತೆ ಗಟ್ಟಿಯಾಗಿ ಓದಿದ: "ಗೌಂಡಿ."

ಗಂಡ ಸೊಟ್ಟ ಕೈಯಿಂದ ತೊಡೆ ತಟ್ಟಿಕೊಂಡ. ಆಮೇಲೆ ಆ ಗುಂಪಿನ ಎಲ್ಲರಿಗಿಂತ ಹಿರಿಯ ಗೌಂಡಿ ಮೇಸ್ತ್ರಿಯ ಕಡೆ ತಿರುಗಿ, "ಟಿವ್ಯಾಗ ಬಂದೈತಲ್ರಿ. ಆಕಿ ಗೌಂಡಿನ," ಎಂದ. ಇನ್ನೊಬ್ಬ ಹೌದೆಂದ. ಇನ್ನೂ ನಾಲ್ಕೈದು ಜನ ಹೌದು ಹೌದು ಎಂದರು. ಆರು ವರ್ಷ ಆಕೆಯ ಪಕ್ಕದಲ್ಲೇ ಅಟ್ಟಣಿಗೆಯ ಮೇಲೆ ನಿಂತು ಕಣ್ಣಾರೆ ನೋಡಿದ ಗಂಡಸರು ಇವರು. ಒಂದು ದಿನವೂ ಬಾಯಿ ಬಿಡದ ಮಾತನ್ನು ಈಗ, ಚಹಾದಂಗಡಿಯವನು ಓದಿ ಹೇಳಿದ ಮೇಲೆ, ತಾವೇ ಕಂಡುಹಿಡಿದವರ ಹಾಗೆ ಹೇಳುತ್ತಿದ್ದರು. ನನಗೆ ಅವರ ಮೇಲೆ ಸಿಟ್ಟು ಬಂತು, ಅವರನ್ನೆಲ್ಲ ತಬ್ಬಿಕೊಳ್ಳಬೇಕು ಅಂತಲೂ ಅನ್ನಿಸಿತು.

ಮೇಸ್ತ್ರಿ ಒಬ್ಬೊಬ್ಬರ ಮುಖ ನೋಡಿದ. ಗಂಡಸರು ಬಿಟ್ಟು ಹೋಗುತ್ತಾರೆ ಎಂಬುದು ಆತನ ನೆಪ. ಆ ಗಂಡಸರೇ ಎದುರಿಗೆ ಕೂತು ಹೌದು ಎನ್ನುತ್ತಿದ್ದರು. ಜೇಬಿನಿಂದ ಪುಸ್ತಕ ತೆಗೆದು ಬರೆದುಕೊಂಡ.

ನಾನು ಆಕೆಯ ಹತ್ತಿರ ಓಡಿ, ನೋಡಿದಿರಾ ಎಂದೆ. ಆಕೆ ಟಿವಿಯಿಂದ ಕಣ್ಣು ತೆಗೆಯದೆ, "ಏನು ಬರದಿತ್ತೋ ನೋಡ್ಲಿಲ್ರಿ. ನನ್ನ ಹಿಂದಿನ ಗೋಡಿ ನೋಡಾಕತ್ತಿದ್ದೆ. ಆ ಮೂಲಿಗೆ ನೀರು ಸಾಲದು, ಬಿರುಕು ಬಿಟ್ಟೈತಿ," ಎಂದಳು. ಅಷ್ಟರಲ್ಲಿ ನೆಗಡಿ ಹಿಡಿದ ನನ್ನ ದನಿ ಇಟ್ಟಿಗೆ, ಜಾಗ ಎಂದು ಸುರುಮಾಡಿತು. ಯಾರೂ ಕೇಳಿಸಿಕೊಳ್ಳಲಿಲ್ಲ, ಚಹಾದಂಗಡಿಯವನು ದನಿ ಸಣ್ಣ ಮಾಡಿದ.

ಹದಿನೈದು ದಿನ ಬಿಟ್ಟು ಶಂಶಾಬಾದಿಗೆ ಹೋದೆ. ನಿಜ ಹೇಳಬೇಕೆಂದರೆ ಆಕೆ ನನಗೆ ಏನಾದರೂ ಹೇಳುತ್ತಾಳೆ ಎಂಬ ಆಸೆಯಿಂದ ಹೋದೆ. ಥ್ಯಾಂಕ್ಸ್ ಅಂತಲ್ಲ, ಅದರ ಹತ್ತಿರದ್ದು ಏನಾದರೂ. ಕಿಟಕಿ ಇನ್ನೂ ಕೂರಿಸಿರದ ಒಂದು ದೊಡ್ಡ ಕೋಣೆಯಲ್ಲಿ ಆಕೆ ಗಿಲಾವು ಮಾಡುತ್ತಿದ್ದಳು. ಇಬ್ಬರು ಗಂಡಸರು ಕೆಳಗಿನಿಂದ ಗಾರೆ ಕಲಸಿ ಕೊಡುತ್ತಿದ್ದರು. ನಾನು ಕಿಟಕಿಯ ಜಾಗದಲ್ಲಿ ನಿಂತು, ಸ್ವಲ್ಪ ಹೊತ್ತು ನೋಡಿ, ಹೇಗಿದ್ದೀರಿ ಎಂದು ಕೇಳಿದೆ.

ಆಕೆ ಒಂದು ಕಣ್ಣು ಮುಚ್ಚಿ ಗೋಡೆ ನೋಡುತ್ತ, ತಿರುಗದೆ ಹೇಳಿದಳು.

"ಅಕ್ಕೋರ, ಸ್ವಲ್ಪ ಆ ಕಡೆ ಸರೀರಿ. ಬೆಳಕಿಗೆ ಅಡ್ಡ ನಿಂತೀರಿ."

ನಾನು ಸರಿದು ನಿಂತೆ.